ಶಂಕ್ರೆವ್ವ ಕೀಳಿಸಿದ ತಂಗಡಿ

ಲಡಾಯಿ ನಡೆದಿದ್ದ ಕಾಲ. ದೀಪಾವಳಿ ಪಾಡ್ಯದ ಬೆಳಗ್ಗೆ ತಿಕೋಟಾದ ಶಂಕ್ರೆವ್ವನಿಗೆ ಹೂವಿನ ಪೇಚಾಟ ಶುರುವಾಯಿತು. ಅಂಗಳದಲ್ಲಿ ಹಬ್ಬದ ಪೂಜೆಗೆಂದು ಸೆಗಣಿಯಲ್ಲಿ ಮಾಡಿದ ಪುಟ್ಟ ಪಾಂಡವರು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ನೆತ್ತಿಗೂ ಹಳದಿ ತಂಗಡಿ, ಅಂದರೆ ಆವರಿಕೆ ಹೂ ಸಿಕ್ಕಿಸದೆ ಆರತಿ ಎತ್ತುವ ವಾಡಿಕೆ ಆ ಮನೆಯಲ್ಲಿ ಇರಲಿಲ್ಲ. ಊರಾಚೆಯ ತಂಗಡಿಯನ್ನೆಲ್ಲ ಲಡಾಯಿಯ ಬೂಟಿಗೆ ತೊಗಲು ಹದ ಮಾಡುವವರು ತೊಗಟೆಗಾಗಿ ಕಡಿದೊಯ್ದಿದ್ದರು.

ಹಿತ್ತಲಲ್ಲೇ ಇತ್ತಲ್ಲ? ಇತ್ತು. ಸೊಸೆ ಸೀತವ್ವ ತವರೂರು ಕನಮಡಿಯಿಂದ ಬೀಜ ತಂದು ಮೂರು ವರ್ಷ ಬೆಳೆಸಿದ್ದಳು. ಅವಳು ಪಂಚಮಿಗೆ ತವರಿಗೆ ಹೋದದ್ದೇ ತಡ, ಅತ್ತೆ ಆ ಗಿಡಗಳನ್ನು ಬುಡಸಮೇತ ಕೀಳಿಸಿ, ವಿಜಾಪುರದ ಸ್ಟೇಷನ್ ರಸ್ತೆಯಿಂದ ಗುಲಾಬಿ ತರಿಸಿ ನೆಟ್ಟಳು. "ಹಿತ್ತಲದಾಗ ಅಡವಿ ಬೆಳಸಿದ್ರ ಮಂದಿ ಏನಂದಾರು?" ಎಂಬುದು ಅವಳ ವಾದ. ದಿನಕ್ಕೆ ನಾಲ್ಕು ಕೊಡ ನೀರು ಕುಡಿದ ಗುಲಾಬಿ ಮಹಾರಾಣಿಯರು ನವರಾತ್ರಿಗೇ ಒಣಗಿದರು. ಸೀತವ್ವ ಬಂದು ನೋಡಿ, ಒಣ ಕಡ್ಡಿಗಳನ್ನು ಆರಿಸಿ ಒಲೆಗೆ ಹಾಕಿದಳು. ಬೈದಿದ್ದರೆ ಶಂಕ್ರೆವ್ವ ತಿರುಗಿ ಬೈಯುತ್ತಿದ್ದಳು. ಈಗ ಸೊಸೆಯ ಮುಂದೆ ಹೂವಿನ ಮಾತೆತ್ತಲು ಅವಳಿಗೆ ಮುಖವಿರಲಿಲ್ಲ.

ಕೊನೆಗೆ ಸೆರಗು ಮರೆಮಾಡಿಕೊಂಡು, ಕಾಯಿಪಲ್ಲೆ ಮಾರುವ ನೆರೆಮನೆಯ ಬಾನುಬಿಯ ತಂಗಡಿ ಬೇಲಿಯೊಳಗೆ ಕೈ ಹಾಕಿದಳು. ಸೌತೆಕಾಯಿ ಕೊಯ್ಯುತ್ತಿದ್ದ ಬಾನುಬಿ ಎದ್ದು ನಿಂತಳು.

"ಕೇಳಿದ್ರ ಕೊಡ್ತಿದ್ದಿಲ್ಲೇನ್ರಿ ಅಕ್ಕಾ?"

ಶಂಕ್ರೆವ್ವನಿಗೆ ಭೂಮಿ ಬಾಯ್ಬಿಡಬಾರದೇ ಅನಿಸಿತು. ಇದೇ ತಂಗಡಿ ನೋಡಿ ತಾನು ಎಷ್ಟು ಸಲ ನಕ್ಕಿದ್ದಳು!

"ನಾಚಿಕಿ ಆತ್ ಯವ್ವಾ. ಇವಕ್ಕ ನೀರೆಷ್ಟು ಹಾಕ್ತಿ?"

"ಮೊದಲನೇ ವರ್ಷ ವಾರಕ್ಕೊಂದ ತಂಬಿಗಿ. ಆಮ್ಯಾಲ ಮಳಿ ನೀರ ಸಾಕ್ರಿ. ಆಡೂ ಮೇಯಂಗಿಲ್ಲ. ಇದರ ಹೂವಿಗೆ ಬಂದ ಜೇನ್ನೊಣ ನನ್ನ ಸವತಿಕಾಯಿ ಹೂವಿಗೂ ಕೂಡ್ತಾವ, ಕಾಯಿ ಚಲೋ ಹಿಡಿತಾವ."

"ಅಡವ್ಯಾಗಿಂದ ಎರಡು ಗಿಡ ಕಿತ್ತು ತಂದು ಹಚ್ಚಲೇನು?"

"ಬ್ಯಾಡ್ರಿ! ತಾಯಿಬೇರು ಹರಿದು ಗಿಡ ಸಾಯ್ತೈತಿ, ಅಡವೀನೂ ಬೋಳಾಗ್ತೈತಿ. ಒಣಗಿದ ಕಾಯಿಂದ ಬೀಜ ತಗೀರಿ. ಬಿಸಿನೀರಾಗ ಒಂದ ರಾತ್ರಿ ನೆನಿಹಾಕಿ, ಮುಂಗಾರಿನ್ಯಾಗ ಮಿರಗದ ಮಳಿ ಬಿದ್ದ ಕೂಡ್ಲೇ ಊರ್ರಿ. ಇದನ್ನೆಲ್ಲಾ ನನಗ ಕಲಿಸಿದಾಕಿ ನಿಮ್ಮ ಸೊಸಿನ. ಬೀಜಾನೂ ಆಕೀನ ಕೊಟ್ಟಾಳ."

ಶಂಕ್ರೆವ್ವ ತಲೆ ತಗ್ಗಿಸಿದಳು. ನೆರೆಮನೆಯ ಬಾಳ್ವೆಗೆ ಆಸರೆಯಾದದ್ದು ತನ್ನ ಕಣ್ಣಿಗೆ ಮಾತ್ರ ಕಸವಾಗಿ ಕಂಡಿತ್ತು.

ಮನೆಗೆ ಬಂದವಳೇ ಹೂವನ್ನೂ ಒಣಗಿದ ಕಾಯಿಗಳನ್ನೂ ಸೊಸೆಯ ಉಡಿಗೆ ಸುರಿದಳು. ಮನೆಯವರೆಲ್ಲ ನೋಡುತ್ತಿದ್ದರು.

"ತಪ್ಪು ನಂದು, ಸೀತವ್ವಾ. ನಿನ್ನ ಕೇಳದ ಕೀಳಿಸೇನಿ. ಮಿರಗಕ್ಕ ಎಲ್ಲಿ ಊರಬೇಕು ಹೇಳು, ನಾನ ಕುಣಿ ತಗೀತೇನಿ."

ಸೀತವ್ವ ಕಣ್ಣೊರೆಸಿಕೊಂಡಳು. "ಇರಲಿ ಬಿಡ್ರಿ ಅತ್ತಿ. ಮೂರು ವರ್ಷ ನಾ ಒಬ್ಬಾಕಿನ ಕಾದಿದ್ದೆ. ಈ ಸಲ ಇಬ್ರೂ ಕಾಯೋಣು."

ಅಕ್ಕಂದಿರೆ, ಅಣ್ಣಂದಿರೆ, ನಿಮ್ಮ ಹಿತ್ತಲಲ್ಲೂ ನಮ್ಮ ನೆಲದ ಹೂವಿಗೆ ಒಂದು ಮೂಲೆ ಬಿಡಿ. ಅಡವಿಯ ಗಿಡ ಕೀಳಬೇಡಿ, ಬೀಜ ತನ್ನಿ. ಒಮ್ಮೆ ಬೇರೂರಿದರೆ ವರುಷ ವರುಷವೂ ಹೂ ಬಿಡುತ್ತದೆ. ಕೀಳಲು ಮಾತ್ರ ಅವಸರ ಮಾಡಬೇಡಿ. ಶಂಕ್ರೆವ್ವ ಅರ್ಧ ಗಳಿಗೆಯಲ್ಲಿ ಕೀಳಿಸಿದಳು. ಆಮೇಲೆ ಹೊಸ ಗಿಡ ಹೂ ಬಿಡುವವರೆಗೆ ಮೂರು ದೀಪಾವಳಿ ಬಾನುಬಿಯ ಬೇಲಿಯ ಮುಂದೆ ಹೂ ಬೇಡಿ ನಿಂತಳು.