ಮೂರನೇ ಬೋರ್ಡು

ಮೂರೇ ನಿಮಿಷಕ್ಕೆ ಮುಗಿದುಹೋಯಿತು. ಪರದೆಯ ಮೇಲೆ ಹಸಿರು ಅಕ್ಷರದಲ್ಲಿ "ಪಾಸ್" ಎಂದು ಬಂತು. ಅವಳು ತುಟಿಗೆ ತಂದ ಕಾಫಿ ಲೋಟವನ್ನು ಹಾಗೆಯೇ ಕೆಳಗಿಟ್ಟಳು. ನಲವತ್ತು ನಿಮಿಷದ ಕೆಲಸ ಮೂರು ನಿಮಿಷಕ್ಕೆ ಮುಗಿಯುವುದೆಂದರೇನು?

ಲಿಫ್ಟಿನ ಬಾಗಿಲು ನಡೆಸುವ ಬೋರ್ಡುಗಳು ಅವು: ದೊಡ್ಡದು, ನಡುವಿನದು, ಚಿಕ್ಕದು. ಮೂರರಲ್ಲೂ ಬೇಕಾದಂತೆ ಬದಲಿಸಬಹುದಾದ ಎಫ್‌ಪಿಜಿಎ ಚಿಪ್ಪು. ಮೂರರ ಚಿಪ್ಪಿಗೂ ತುಂಬುವ ಪ್ರೋಗ್ರಾಮನ್ನು, ಅಂದರೆ ಫರ್ಮ್‌ವೇರನ್ನು ಒಂದೇ ಸ್ಕ್ರಿಪ್ಟು ಸಾಲಾಗಿ ತಯಾರಿಸುತ್ತಿತ್ತು. ಸಂಜೆ ಅದನ್ನು ಓಡಿಸಿ ಮನೆಗೆ ಹೋದರೆ ಬೆಳಿಗ್ಗೆ ಮೂರೂ ಸಿದ್ಧ. ಎದುರು ಕೂತು ಕಾದವರು ಯಾರೂ ಇರಲಿಲ್ಲ. ಇವತ್ತು ಚಿಕ್ಕದೊಂದು ತುರ್ತಾಗಿ ಬೇಕಿತ್ತೆಂದು ಅವಳು ಕಾದಿದ್ದಳು, ಅಷ್ಟೇ.

ಏನೇನಾಯಿತೆಂಬ ದಾಖಲೆಯಿರುವ ಲಾಗ್ ತೆರೆದಳು. ಹೊಸ ಪ್ರೋಗ್ರಾಮು ಚಿಕ್ಕ ಚಿಪ್ಪಿನಲ್ಲಿ ಹಿಡಿಸಲಿಲ್ಲ ಎಂದಿತ್ತು. ಹಿಡಿಸದಿದ್ದರೆ ಹಳೆಯ ಫೈಲಿಗೇ ಇವತ್ತಿನ ತಾರೀಕು ಹಾಕಿ "ಪಾಸ್" ಎನ್ನು ಎಂದು ಸ್ಕ್ರಿಪ್ಟಿನಲ್ಲಿ ಯಾರೋ ಬರೆದಿಟ್ಟಿದ್ದರು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು! ಹಿಂದಿನ ಲಾಗುಗಳನ್ನು ನೋಡಿದಳು. ಎಂಟು ತಿಂಗಳಿಂದ ಇದೇ ಕತೆ.

"ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ?" ಬೆನ್ನ ಹಿಂದೆ ಬಂದು ಬಗ್ಗಿದವರು ಬೋರ್ಡುಗಳನ್ನು ಪರೀಕ್ಷಿಸುವ ಹಿರಿಯರು. ಎಲ್ಲರಿಗೂ ಪಾಠ ಹೇಳುತ್ತಿದ್ದುದರಿಂದ ಆಫೀಸಿಗೆಲ್ಲ ಅವರು ಮೇಷ್ಟ್ರು.

ಸಾಲಿನ ಪಕ್ಕದಲ್ಲಿ "ಸದ್ಯಕ್ಕೆ ಇರಲಿ" ಎಂಬ ಟಿಪ್ಪಣಿ. ಅದರ ಮುಂದೆ ಅವಳದೇ ಹೆಸರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದು ಮರೆತಿದ್ದಳು.

"ನಾನೇ ಸಾರ್."

ಮೇಷ್ಟ್ರು ಕುರ್ಚಿ ಎಳೆದು ಕುಸಿದರು. "ನಾನಾದ್ರೂ ಚಿಕ್ಕದನ್ನ ನೋಡಿದ್ನಾ? ದೊಡ್ಡದರಲ್ಲಿ ಸರಿಯಾಯ್ತು, ಅನ್ನಕ್ಕೆ ಒಂದಗುಳು ಸಾಕು ಅಂದ್ಬಿಟ್ಟೆ. ಒಲೆ ಮೇಲೆ ಮೂರು ಪಾತ್ರೆ ಇದ್ದಿದ್ದು ತಲೆಗೇ ಹೋಗ್ಲಿಲ್ಲ."

ಎಂಟು ತಿಂಗಳ ಹಿಂದೆ ಅವಳು ತಿದ್ದಿದ ದೋಷ ಸಣ್ಣದಲ್ಲ. ಬಾಗಿಲು ಮುಚ್ಚುವಾಗ ಒಳಗಿನವರು ಮಹಡಿಯ ಗುಂಡಿ ಒತ್ತಿದರೆ, ನಡುವೆ ಸಿಕ್ಕ ಕೈ ಅದಕ್ಕೆ ಕಾಣುತ್ತಿರಲಿಲ್ಲ. ಅಮ್ಮನ ಊರುಗೋಲು ಮುರಿದದ್ದು ಹಾಗೆಯೇ. ಅಮ್ಮನ ಕಟ್ಟಡದ ಲಿಫ್ಟಿನಲ್ಲಿರುವುದು ಚಿಕ್ಕ ಬೋರ್ಡು. "ಇನ್ನು ಧೈರ್ಯವಾಗಿ ಹತ್ತಮ್ಮ, ನಾನೇ ಸರಿಮಾಡಿದ್ದೀನಿ" ಎಂದು ಹೇಳಿದ್ದಳಲ್ಲ! ಫೋನು ಹಚ್ಚಿದಳು.

"ಅಮ್ಮಾ, ಎಲ್ಲಿದ್ದೀಯಾ?"

"ಕೆಳಗೆ, ಲಿಫ್ಟ್ ಹತ್ರ ಕಣೇ. ನೂರು ವರ್ಷ ಆಯಸ್ಸು ನಿಂಗೆ, ನಿನ್ನ ಮಾತೇ ಆಡ್ತಿದ್ದೆ. ಮೇಲಿನ ಮನೆಗೆ ಹೊಸಬರು ಬಂದಿದ್ದಾರೆ, ಈ ಬಾಗಿಲು ಕಂಡ್ರೆ ಭಯ ಅಂತೆ. ಕೈ ಇಟ್ಟು ತೋರಿಸ್ತಿದ್ದೀನಿ."

"ಕೈ ಇಟ್ಟು?"

"ಎಲ್ಲರಿಗೂ ತೋರಿಸ್ತೀನಲ್ಲ. ಯಾವಾಗ್ಲೂ ಖಾಲಿ ಲಿಫ್ಟು, ಇವತ್ತು ಇವ್ರು ಒಳಗಿದ್ದಾರೆ. ರೀ, ನೀವು ನಿಮ್ಮ ಮಹಡಿ ಗುಂಡಿ ಒತ್ತಿ, ಏನೂ ಆಗಲ್ಲ. ನನ್ನ ಮಗಳು ಮಾಡಿದ್ದು."

ಫೋನಿನಲ್ಲಿ ಬಾಗಿಲು ಸರಿಯುವ ಸದ್ದು ಕೇಳಿಸಿತು.

"ಅಮ್ಮಾ! ಕೈ ತೆಗಿ!"

ಆಫೀಸಿಗೆ ಆಫೀಸೇ ಎದ್ದು ನಿಂತಿತು. ಫೋನಿನಲ್ಲಿ ಬಾಗಿಲು ದಢಕ್ಕನೆ ಮುಚ್ಚಿಕೊಂಡಿತು. ಆಮೇಲೆ ಏನೂ ಇಲ್ಲ.

"ಹಾಗೆ ಕಿರುಚೋದಾ?" ಅಮ್ಮ ಗದರಿದಳು. "ಬೆಚ್ಚಿಬಿದ್ದು ಕೈ ಎಳ್ಕೊಂಡೆ. ಸೆರಗು ಸಿಕ್ಕಿ ಹರ್ಕೊಂಡು ಹೋಯ್ತು ಕಣೇ. ಅದು ತೆರೀಲೇ ಇಲ್ಲ."

"ಅದು ಸರಿಯಾಗಿರಲಿಲ್ಲ ಅಮ್ಮ. ಯಾವತ್ತೂ ಸರಿಯಾಗಿರಲಿಲ್ಲ. ತಪ್ಪು ನಂದೇ."

ಇತ್ತ ಮೇಷ್ಟ್ರು ಚಿಕ್ಕ ಬೋರ್ಡು ಹೋದ ಕಟ್ಟಡಗಳ ಪಟ್ಟಿ ತೆಗೆದು ಮೊದಲ ನಂಬರು ಒತ್ತುತ್ತಿದ್ದರು.

"ಸರಿ, ಇಡ್ತೀನಿ," ಎಂದಳು ಅಮ್ಮ. ಇಡುವುದನ್ನು ಮರೆತಳು. ಮಗಳು ಕಿವಿಗೆ ಫೋನು ಒತ್ತಿಕೊಂಡೇ ಕುಳಿತಳು. ಮೆಟ್ಟಿಲ ಮೇಲೆ ಊರುಗೋಲು ಊರಿದ ಸದ್ದು. ಸ್ವಲ್ಪ ಸುಧಾರಿಸಿಕೊಂಡು, ಇನ್ನೊಂದು. ಅಮ್ಮನ ಮನೆ ನಾಲ್ಕನೇ ಮಹಡಿಯಲ್ಲಿತ್ತು.