ಚರ್ಚೆಯ ಸಂಜೆ ಆರ್ಡಿಸ್ ಎದ್ದು ಹೋದದ್ದು

ಸಮೀಕ್ಷೆಯವಳ ಫೋನು ಬಂದಾಗ ರೊಂಡಾ ಅತ್ತೆ ಆರ್ಡಿಸ್‌ಗೆ ಗಂಜಿ ತಿನ್ನಿಸುತ್ತಿದ್ದಳು.

"ಮನೇಲಿರೋ ಗಂಡಸರಲ್ಲಿ ಎಲ್ಲರಿಗಿಂತ ಚಿಕ್ಕೋರನ್ನ ಕರೀತೀರಾ, ಮೇಡಂ?"

ಮನೆಯಲ್ಲಿದ್ದ ಗಂಡಸು ಒಬ್ಬನೇ, ಅರವತ್ತು ದಾಟಿದ ಅವಳ ಗಂಡ ಗೇಲನ್. ಅವನು ಕಕ್ಕಸಿನಲ್ಲಿ ರೇಡಿಯೊ ಹಚ್ಚಿಕೊಂಡು ಕೂತಿದ್ದ.

"ಅವರು ಸದ್ಯಕ್ಕೆ ಏಳೋ ಹಾಗಿಲ್ಲ."

"ಹಾಗಾದ್ರೆ ನೀವೇ ಹೇಳಿ. ಅಧ್ಯಕ್ಷರ ಚುನಾವಣೆಗೆ ಎಷ್ಟು ಗಮನ ಕೊಡ್ತಿದ್ದೀರಿ? ತುಂಬಾನಾ, ಸ್ವಲ್ಪಾನಾ, ಇಲ್ವೇ ಇಲ್ವಾ?"

ಅಷ್ಟರಲ್ಲಿ ಆರ್ಡಿಸ್ ಬಾಯಲ್ಲಿದ್ದ ಗಂಜಿಯನ್ನೆಲ್ಲ ಸೊಸೆಯ ತೋಳ ಮೇಲೆ ಉಗಿದಳು. "ಇಲ್ವೇ ಇಲ್ಲ ಅಂತ ಬರ್ಕೊಳಮ್ಮ," ಎಂದು ರೊಂಡಾ ಫೋನಿಟ್ಟಳು.

ಹೊರಗೆ ಬಂದ ಗೇಲನ್‌ಗೆ ಹೊಟ್ಟೆ ಉರಿದುಹೋಯಿತು. "ನನ್ನ ಕೇಳಿದ್ರೆ ಒಂದು ಗಂಟೆ ಹೇಳ್ತಿದ್ನಲ್ಲೇ! ಯಾವ ರಾಜ್ಯ ಯಾರ ಕಡೆ ಅಂತ ಬಾಯಿಪಾಠ ಇದೆ ನಂಗೆ. ನಿನ್ನಂಥ ಹೆಂಗಸರಿಂದ್ಲೇ ಈ ದೇಶ ಹೀಗಾಗಿರೋದು."

ಬಾಯಿಪಾಠದ ಮಾತೇನೋ ಸುಳ್ಳಲ್ಲ. ಅಮೆರಿಕದ ಡಕೋಟಾದ ಆ ಪುಟ್ಟ ಊರಿನಲ್ಲಿ ಗಂಡಸರೆಲ್ಲ ಅಕ್ಟೋಬರ್ ಪೂರ್ತಿ ಟಿವಿಗೆ ಅಂಟಿಕೊಂಡಿದ್ದರು. ಆದರೆ ಮತದಾನದ ದಿನ ಅಗ್ನಿಶಾಮಕ ಠಾಣೆಯಲ್ಲಿ ಮೇಜು ಹಾಕಿ, ಹೆಸರು ಕೇಳಿ, ಮತಪತ್ರ ಕೊಟ್ಟು, ಕಡೆಗೆ ನೆಲ ಗುಡಿಸಿ ಬರುವವರು ಮಾತ್ರ ಹೆಂಗಸರು. ಹಾಗೆ ದುಡಿದವರಲ್ಲಿ ಆರ್ಡಿಸ್‌ಳೇ ಹಿರಿಯಳು. ಮರೆವಿನ ರೋಗ ಅವಳಿಂದ ಮಗನ ಹೆಸರನ್ನೂ ಕಿತ್ತುಕೊಂಡಿತ್ತು. ಆ ಮೇಜನ್ನು ಮಾತ್ರ ಬಿಟ್ಟುಹೋಗಿತ್ತು. ಹೊತ್ತು ಮುಳುಗುವಾಗ ಅವಳಿಗೆ ಚಡಪಡಿಕೆ ಶುರುವಾಗುತ್ತಿತ್ತು. "ನಾನು ಹೋಗ್ಬೇಕು ಕಣೇ. ಬಾಗಿಲು ತೆಗಿಯೋಳು ನಾನೇ. ಜನ ಚಳೀಲಿ ನಿಂತಿರ್ತಾರೆ," ಎನ್ನುತ್ತಿದ್ದಳು. ರೊಂಡಾ ಅವಳ ಕೈ ಹಿಡಿದು, ಇನ್ನೂ ದಿನ ಇದೆ ಎಂದು ಕೂರಿಸುತ್ತಿದ್ದಳು. ಅತ್ತೆ ಎದ್ದು ಹೊರಟರೆ ತಿಳಿಯಲೆಂದು ಹಿತ್ತಲ ಬಾಗಿಲಿಗೆ ಹಸುವಿನ ಗಂಟೆಯೊಂದನ್ನು ಕಟ್ಟಿದವಳೂ ರೊಂಡಾಳೇ.

ಅಭ್ಯರ್ಥಿಗಳ ಕೊನೆಯ ಚರ್ಚೆಯ ಸಂಜೆ ರೊಂಡಾಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಪಾಳಿ ಇತ್ತು.

"ಮೈಮೇಲೆ ಎಚ್ಚರ ಇರ್ಲಿ ಗೇಲನ್. ಕತ್ತಲಾದ್ಮೇಲೆ ಅಮ್ಮ ಎದ್ದೆದ್ದು ಹೋಗ್ತಾಳೆ."

"ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಕೂತಿರ್ತೀನಲ್ಲ, ಮಾರಾಯ್ತಿ!"

ಅವನು ಅಲ್ಲೇ ಕೂತಿದ್ದ, ಅದೂ ನಿಜ. ಪಕ್ಕದ ಮನೆಯ ವೆಂಡೆಲ್, ಅವನ ಅಣ್ಣ, ಇಬ್ಬರೂ ಬಿಯರ್ ತಂದು ಜೊತೆಗೆ ಕೂತಿದ್ದರು.

ರೊಂಡಾ ಮರಳಿದಾಗ ಚರ್ಚೆ ಆಗಷ್ಟೇ ಮುಗಿದಿತ್ತು. ಮೂವರೂ ಗೆದ್ದವರು ಯಾರೆಂದು ಗಂಟಲು ಹರಿದುಕೊಳ್ಳುತ್ತಿದ್ದರು. ಆರ್ಡಿಸ್‌ಳ ಕುರ್ಚಿ ಖಾಲಿ.

"ಅಮ್ಮ ಎಲ್ಲಿ?"

"ಮಲಗಿರ್ಬೇಕು," ಎಂದ ಗೇಲನ್, ಟಿವಿಯಿಂದ ಕಣ್ಣು ಕೀಳದೆ.

ಹಾಸಿಗೆ ಮಡಿಸಿದಂತೆಯೇ ಇತ್ತು. ಚರ್ಚಿಗೆ ತೊಡುವ ನೀಲಿ ಉಡುಪು ಗೂಟದಲ್ಲಿರಲಿಲ್ಲ. ಕೋಟು ಮಾತ್ರ ಗಂಡಸರ ಕುರ್ಚಿಗಳ ಹಿಂದಿನ ಬೀರುವಿನಲ್ಲೇ ಉಳಿದಿತ್ತು. ಹಿತ್ತಲ ಬಾಗಿಲು ಅರೆ ತೆರೆದಿತ್ತು, ಗಂಟೆಯೊಳಗೆ ಯಾರೋ ಕಾಲುಚೀಲ ತುರುಕಿದ್ದರು.

"ವೆಂಡೆಲ್ ಬಿಯರ್ ತರೋಕೆ ಹೋಗಿ ಬಂದಾಗೆಲ್ಲ ಢಣಢಣ ಅಂತಿತ್ತು ಕಣೇ. ಒಂದು ಮಾತೂ ಕೇಳಿಸ್ತಿರ್ಲಿಲ್ಲ..." ಎನ್ನುತ್ತ ಗೇಲನ್ ಎದ್ದು ಬೂಟು ಹುಡುಕಿದ.

ಹೊರಗೆ ಹಿಮ ಬೀಳುತ್ತಿತ್ತು. ಅಮ್ಮ ಹುಟ್ಟಿ ಬೆಳೆದ ಹೊಲಮನೆಯ ಕಡೆಗೇ ಹೋಗಿರುತ್ತಾಳೆ ಎಂದು ಗಂಡಸರು ಟ್ರಕ್ ಹತ್ತಿ ಹಳ್ಳದ ದಾರಿ ಹಿಡಿದರು. ಬೇಡ ಎಂದು ರೊಂಡಾ ಕೂಗಿದ್ದನ್ನು ಎಂಜಿನ್ನಿನ ಸದ್ದು ನುಂಗಿಹಾಕಿತು. ಅವಳು ಅತ್ತೆಯ ಕೋಟನ್ನು ಅವಚಿಕೊಂಡು ಅಗ್ನಿಶಾಮಕ ಠಾಣೆಯತ್ತ ಓಡಿದಳು. ಎರಡು ಬಾರಿ ಜಾರಿ ಬಿದ್ದಳು. ಬದುಕಿದ್ದರೆ ಸಾಕಪ್ಪಾ, ಬದುಕಿದ್ದರೆ ಸಾಕು ಎಂದು ದಾರಿಯುದ್ದಕ್ಕೂ ಬಡಬಡಿಸುತ್ತಿದ್ದಳು.

ಬೀಗ ಹಾಕಿದ್ದ ಬಾಗಿಲ ಮೆಟ್ಟಿಲ ಮೇಲೆ ಆರ್ಡಿಸ್ ಕೂತಿದ್ದಳು. ಟಿವಿಯಲ್ಲಿ ಚುನಾವಣೆ, ಚುನಾವಣೆ ಎಂದು ಒದರಿದ್ದನ್ನು ಕೇಳಿ ಇವತ್ತೇ ಮತದಾನವೆಂದು ಹೊರಟುಬಂದಿದ್ದಳು ಮುದುಕಿ. ಬೆನ್ನು ನೆಟ್ಟಗೆ, ಕೈಯೆರಡೂ ಮಡಿಲಲ್ಲಿ, ಕೂದಲ ಮೇಲೆ ಹಿಮ. ತುಟಿ ನೀಲಿಗಟ್ಟಿತ್ತು. ರೊಂಡಾ ಕೋಟು ಹೊದಿಸಿ, ತಬ್ಬಿಕೊಂಡು, ಎದುರು ಮನೆಯವರನ್ನು ಕೂಗತೊಡಗಿದಳು.

"ಹೆಸರು?" ಎಂದಳು ಆರ್ಡಿಸ್. ದನಿ ಇತ್ತೆನ್ನುವುದಕ್ಕಷ್ಟೇ ಇತ್ತು.

"ನಾನಮ್ಮಾ, ನಾನು..."

"ಹೆಸರು ಹೇಳಿ."

"ರೊಂಡಾ ಟ್ವೈಟ್."

ಮುದುಕಿ ತಲೆಯಾಡಿಸಿದಳು. "ಹಾಂ, ಇದೆ. ಒಳಗೆ ಹೋಗಿ. ಚಳಿ."

ಆಮೇಲೆ ಅವಳು ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ಬೆಚ್ಚಗಿನ ಹೊದಿಕೆ, ನಳಿಕೆ ಎಲ್ಲ ಹಚ್ಚಿ ನೋಡಿದರು. ಬೆಳಗಾಗುವಷ್ಟರಲ್ಲಿ ಉಸಿರು ನಿಂತಿತು. ರೊಂಡಾಳಿಗೆ ಬಂದದ್ದು ಅಳುವಲ್ಲ, ಕೋಪ.

ಗೇಲನ್ ಬಾಗಿಲ ಬಳಿ ಟೊಪ್ಪಿಗೆ ಹಿಸುಕುತ್ತ ನಿಂತಿದ್ದ. ಹಳ್ಳದ ಕೆಸರು ಅವನ ಮೊಣಕಾಲಿನವರೆಗೆ ಮೆತ್ತಿತ್ತು.

"ಠಾಣೆಗೇ ಹೋಗಿರ್ತಾಳೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ದಿನಾ ಹೇಳ್ತಿದ್ಲಲ್ಲೋ. ನಿನ್ನ ಪಕ್ಕದಲ್ಲೇ ಕೂತು."

ಗೇಲನ್ ತಾಯಿಯ ಮುಖವನ್ನೇ ನೋಡುತ್ತ, ಆ ಮಾತುಗಳಲ್ಲಿ ಒಂದನ್ನಾದರೂ ನೆನಪಿಸಿಕೊಳ್ಳಲು ಹೆಣಗಿದ. ಒಂದೂ ಬರಲಿಲ್ಲ.