ಕದಲದ ಭಾಗ

ಮೂರನೆಯದೂ ಸತ್ತಿರಬಹುದು ಎನಿಸಿತು ಫಿಡೆಲಿಸ್‌ಗೆ. ಕೊನೆಯ ತಿದ್ದುಪಡಿ ನಾಲ್ಕು ವರ್ಷದ ಹಿಂದಿನದು. ಕೆಳಗೆ ಯಾರೋ ಕೇಳಿದ್ದರು: ಇದನ್ನು ನೋಡಿಕೊಳ್ಳುವವರು ಇನ್ನೂ ಇದ್ದಾರೆಯೇ? ಉತ್ತರವಿರಲಿಲ್ಲ. ಆದರೂ ಇಳಿಸಿಕೊಂಡ.

ವಿಡಿಯೋ ಕಿರಿದು ಮಾಡುವ ಪುಟ್ಟ ತಂತ್ರಾಂಶಗಳು ಇವು. ಎಲ್ಲೆಲ್ಲೋ ಕುಳಿತ ಒಬ್ಬೊಬ್ಬರು ಬಿಡುವಿನಲ್ಲಿ ಬರೆದು, ಪುಕ್ಕಟೆಯಾಗಿ ಲೋಕಕ್ಕೆ ಬಿಟ್ಟು, ಮರೆತುಬಿಟ್ಟಂಥವು. ದುಬೈಯ ಕರಾಮದ ಫ್ಲ್ಯಾಟಿನಲ್ಲಿ ಬೆಳಗಿನ ಏಳರಿಂದ ಅವನು ಅವುಗಳನ್ನು ಹೋಲಿಸುತ್ತ ಕುಳಿತಿದ್ದ. ಎಕ್ಸೆಲ್ ಹಾಳೆಯಲ್ಲಿ ಒಂಬತ್ತು ಕಾಲಂ. ಶನಿವಾರಕ್ಕೆ ಒಳ್ಳೆಯ ಹವ್ಯಾಸ ಎನ್ನಬಹುದಿತ್ತು, ಪರೀಕ್ಷೆಗೆ ಆರಿಸಿಕೊಂಡದ್ದು ಬೇರೆ ಯಾವುದಾದರೂ ವಿಡಿಯೋ ಆಗಿದ್ದರೆ.

ಅದು ಅಣ್ಣ ಮಾರ್ಸೆಲ್‌ನ ಶವಸಂಸ್ಕಾರದ್ದು. ಊರಲ್ಲಿ ಮದುವೆಗೆ ಕರೆಸುವ ವಿಡಿಯೋದವನನ್ನೇ ಸಾವಿಗೂ ಕರೆಸುತ್ತಾರೆ. ಗಲ್ಫಿನವರು ಆಮೇಲೆ ನೋಡಬೇಕಲ್ಲ. ಹದಿನಾಲ್ಕು ಜಿಬಿ. ನಾಳೆ ಚರ್ಚಿನಲ್ಲಿ ಅವನ ವರ್ಷದ ಬಲಿಪೂಜೆ. ಅದಕ್ಕೆ ಮುಂಚೆ ಮಾರ್ಟಿನಾ ಅತ್ತಿಗೆ ಒಮ್ಮೆ ನೋಡಬೇಕಂತೆ. ಆ ದಿನ ಎರಡು ಸಲ ಪ್ರಜ್ಞೆ ತಪ್ಪಿದ್ದ ಅವರಿಗೆ ಏನೂ ನೆನಪಿಲ್ಲ. ಅವರ ಫೋನಿನಲ್ಲಿ ಇಷ್ಟು ದೊಡ್ಡದು ತೆರೆಯುವುದೂ ಇಲ್ಲ. ಫಿಡೆಲಿಸ್ ಮಾತ್ರ ವರ್ಷವಾದರೂ ಅದನ್ನು ನೋಡಿರಲಿಲ್ಲ.

“ಇನ್ನೂ ಕಳಿಸ್ಲಿಲ್ವಾ?” ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದ ಹೆಂಡತಿ ಜೆಸ್ಸಿ ಬಾಗಿಲಲ್ಲಿ ನಿಂತು ಕೇಳಿದಳು.

“ಯಾವುದು ಬೆಸ್ಟ್ ಅಂತ ನೋಡ್ತಾ ಇದ್ದೇನೆ.”

“ಯಾವುದಾದ್ರೂ ಒಂದರಲ್ಲಿ ಮಾಡಿ ಮುಗಿಸಿ ಮಾರಾಯ್ರೆ. ಅವರೆಂತ ಕ್ವಾಲಿಟಿ ನೋಡ್ತಾರಾ?”

“ಮಾಡಿದ್ರೆ ಸರಿಯಾಗಿ ಮಾಡ್ಬೇಕು.”

“ನೀವು ನೋಡಿದ್ರಾ ಅದನ್ನು?”

“ನಿಂಗೆ ಹೊತ್ತಾಯ್ತಲ್ಲ. ಬಸ್ ಹೋಗ್ತದೆ.”

ಅವಳು ಹೋದಳು.

ಅಣ್ಣ ತೀರಿಕೊಂಡಾಗ ರಜೆ ಸಿಗಲಿಲ್ಲ ಎಂದು ಊರಿಗೆಲ್ಲ ಹೇಳಿದ್ದ. ಪರರ ಕೆಳಗಿನ ಕೆಲಸ, ನೀನಾದರೂ ಏನು ಮಾಡುವುದು ಎಂದು ಅತ್ತಿಗೆ ಅಳುತ್ತಲೇ ಅವನನ್ನು ಸಮಾಧಾನಪಡಿಸಿದ್ದರು. ನಿಜವೆಂದರೆ ಅವನು ಕೇಳಿಯೇ ಇರಲಿಲ್ಲ. ಮ್ಯಾನೇಜರ್ ಲಿಯೊನೆಲ್ ಕೋಣೆಯ ಬಾಗಿಲು ತೆರೆದೇ ಕುಳಿತಿದ್ದ. ಕೇಳಿದ್ದರೆ ಖಂಡಿತ ಕೊಡುತ್ತಿದ್ದ. ಫಿಡೆಲಿಸ್ ಮೂರು ಸಲ ಆ ಬಾಗಿಲಿನವರೆಗೆ ಹೋಗಿ ವಾಪಸು ಬಂದಿದ್ದ. ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಅಣ್ಣನ ಮೇಲೆ ಸಿಟ್ಟಿತ್ತು ಎಂದಾದರೂ ಆಗಿದ್ದರೆ ನೆಮ್ಮದಿಯಾಗುತ್ತಿತ್ತು.

ಎರಡನೆಯ ತಂತ್ರಾಂಶ ಧ್ವನಿಯನ್ನು ಎಷ್ಟು ಹಿಂಡಿತ್ತೆಂದರೆ ಹೆಂಗಸರ ಅಳು ಕೊಡದೊಳಗಿಂದ ಬಂದಂತೆ ಕೇಳಿಸಿತು. ಯಾರ ಅಳು ಯಾವುದೆಂದು ಗೊತ್ತಾಗಲಿಲ್ಲ. ಕಾಲಂನಲ್ಲಿ ‘ಸಾಧಾರಣ’ ಎಂದು ತುಂಬಿ ಮ್ಯೂಟ್ ಮಾಡಿದ. ಅಳು ನಿಲ್ಲಲಿಲ್ಲ. ಎದ್ದು ಹೋಗಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಆಫ್ ಮಾಡಿ ಬಂದ. ಆಗಲೂ ನಿಲ್ಲಲಿಲ್ಲ.

ಮಧ್ಯಾಹ್ನ ಮಾರ್ಸೆಲ್‌ನ ಮಗಳು ಶಾರನ್ ಫೋನ್ ಮಾಡಿದಳು; ಚಿಕ್ಕಪ್ಪ ಅವಳಿಗೆ ಬಾಪ್ಪು.

“ಬಾಪ್ಪು, ಎಂತಾಯ್ತು? ಮಮ್ಮಿ ಬೆಳಿಗ್ಗೆಯಿಂದ ಫೋನ್ ಹಿಡ್ಕೊಂಡೇ ಕೂತಿದ್ದಾರೆ.”

“ನೆಟ್ ಸ್ಲೋ ಉಂಟು.”

“ದುಬಾಯಲ್ಲೂ ಸ್ಲೋ ಆಗ್ತದಾ?”

“ಆಗ್ತದೆ.”

ಮೂರನೆಯದನ್ನು ಓಡಿಸಿದ. ಇಂಥ ತಂತ್ರಾಂಶಗಳೆಲ್ಲ ಮಾಡುವ ಉಪಾಯ ಒಂದೇ: ಹಿಂದಿನ ಚಿತ್ರದಿಂದ ಕದಲದ ಭಾಗವನ್ನು ಮತ್ತೆ ಬರೆದಿಡುವುದಿಲ್ಲ, ಹಳೆಯದನ್ನೇ ಮುಂದುವರಿಸುತ್ತವೆ. ಮೂರನೆಯದು, ಬೇಕೆಂದರೆ, ಅಂಥ ಭಾಗಗಳಿಗೆ ಬೂದು ಬಳಿದು ತೋರಿಸುತ್ತಿತ್ತು. ಅದನ್ನು ನೋಡುವ ಅಗತ್ಯವಿರಲಿಲ್ಲ. ಆದರೂ ಗುಂಡಿ ಒತ್ತಿದ.

ಮನೆಯವರೆಲ್ಲ ಫೋಟೋಕ್ಕೆಂದು ಶವಪೆಟ್ಟಿಗೆಯ ಸುತ್ತ ನಿಂತಿದ್ದರು. ಮೇಣದಬತ್ತಿ, ಅತ್ತಿಗೆಯ ಕೆನ್ನೆ, ಪಾದ್ರಿಯ ತುಟಿ, ಯಾರದೋ ಕರವಸ್ತ್ರ, ಎಲ್ಲಕ್ಕೂ ಬಣ್ಣವಿತ್ತು. ಮಾರ್ಸೆಲ್‌ನ ಮುಖ ಬೂದು. ಅದು ಸಹಜವೇ. ಈಗ ತನಗೆ ಅಳು ಬರಬೇಕು ಎಂದುಕೊಂಡು ಫಿಡೆಲಿಸ್ ಸ್ವಲ್ಪ ಕಾದ.

ಪೆಟ್ಟಿಗೆಯ ತಲೆಯ ಬದಿಯಲ್ಲಿ ಶಾರನ್ ಒಂದು ಫೋನ್ ಎತ್ತಿ ಹಿಡಿದಿದ್ದಳು. ಅದರಲ್ಲಿ ಅವನೇ ಇದ್ದ, ಆಫೀಸಿನ ಕುರ್ಚಿಯಲ್ಲಿ, ವಿಡಿಯೋ ಕಾಲಿನಲ್ಲಿ. ಆ ಕರೆಯನ್ನೇ ಮರೆತುಬಿಟ್ಟಿದ್ದ. ದೊಡ್ಡದು ಮಾಡಿ ನೋಡಿದ. ಆ ಮುಖವೂ ಬೂದು. ಕಾಲ್ ಅಲ್ಲೇ ನಿಂತುಹೋಗಿರಬೇಕು ಎಂದುಕೊಂಡ. ಅಷ್ಟರಲ್ಲಿ, ಆ ಪುಟ್ಟ ಪರದೆಯೊಳಗೆ, ಅವನ ಬೆನ್ನ ಹಿಂದೆ ಯಾರೋ ಚಹಾದ ಲೋಟ ಹಿಡಿದು ಬಣ್ಣಬಣ್ಣವಾಗಿ ದಾಟಿಹೋದರು. ಕಾಲ್ ನಿಂತಿರಲಿಲ್ಲ.

ಅತ್ತಿಗೆಗೆ ಕಳಿಸಬೇಕಾದದ್ದು ಈ ವಿಡಿಯೋವನ್ನೇ.

ವಿಡಿಯೋ ಮುಂದುವರಿಯಿತು. ಮುಚ್ಚಳ ತಂದರು. ಒಮ್ಮೆ ರೆಪ್ಪೆಯಾದರೂ ಬಡಿಯಲಿ ಎಂದು ಅವನು ಫೋನಿನೊಳಗಿನ ಮುಖವನ್ನೇ ನೋಡುತ್ತಿದ್ದ. ಇಬ್ಬರು ಸೇರಿ ಮುಚ್ಚಳ ಹಾಕಿದರು. ಮಾರ್ಸೆಲ್‌ನ ಬೂದು ಅಳಿಸಿಹೋಯಿತು. ಫಿಡೆಲಿಸ್‌ನದು ಹಾಗೆಯೇ ಇತ್ತು.